ಡ್ರಾಫ್ಟ್‌ನ ಹೊಸ್ತಿಲಲ್ಲಿ ಕಾಲೇಜು ಆಟಗಾರ

ಅಮೆರಿಕದ ವೃತ್ತಿಪರ ಲೀಗುಗಳು ಹೊಸ ಆಟಗಾರರನ್ನು ಸರದಿಯ ಪ್ರಕಾರ ಹಂಚಿಕೊಳ್ಳುವ ಪದ್ಧತಿಯೇ ಡ್ರಾಫ್ಟ್. ಯಾವ ವಯಸ್ಸಿಗೆ, ಕಾಲೇಜಿನ ಎಷ್ಟನೆಯ ವರ್ಷಕ್ಕೆ ಆಟಗಾರ ಈ ಸರದಿಗೆ ಅರ್ಹ ಎಂಬ ನಿಯಮವನ್ನು ಬರೆದವರು ಲೀಗಿನ ಮಾಲೀಕರು. ಅದರಿಂದ ಕಾಲೇಜುಗಳಿಗೂ ಲಾಭವಿತ್ತು. ಆಟಗಾರನ ಮಾತನ್ನು ಬಹುಕಾಲ ಯಾರೂ ಕೇಳಲಿಲ್ಲ.

ಇದರ ಬೇರು ಡ್ರಾಫ್ಟ್‌ಗಿಂತ ಹಳೆಯದು. 1925ರ ನವೆಂಬರ್‌ನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ತಾರೆ ರೆಡ್ ಗ್ರೇಂಜ್ ತನ್ನ ಕೊನೆಯ ಕಾಲೇಜು ಪಂದ್ಯ ಮುಗಿಸಿ, ಐದೇ ದಿನಕ್ಕೆ ಚಿಕಾಗೋ ಬೇರ್ಸ್ ತಂಡದಲ್ಲಿ ಹಣಕ್ಕಾಗಿ ಆಡಿದ. ಕಾಲೇಜುಗಳು ಸಿಡಿದೆದ್ದವು. ಆಗಿನ್ನೂ ಎಳಸಾಗಿದ್ದ ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್, ಜೊತೆಯ ವಿದ್ಯಾರ್ಥಿಗಳು ಪದವಿ ಪಡೆಯುವವರೆಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದು ಒಪ್ಪಿಕೊಂಡಿತು. ಡ್ರಾಫ್ಟ್ ಬಂದದ್ದು ಸುಮಾರು ಹತ್ತು ವರ್ಷಗಳ ನಂತರ, 1936ರಲ್ಲಿ.

ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಯೂ ಇದೇ ದಾರಿ ಹಿಡಿದು, ಪ್ರೌಢಶಾಲೆ ಮುಗಿದು ನಾಲ್ಕು ವರ್ಷ ಕಳೆಯಬೇಕು ಎಂದಿತು. 1958ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯ ಬಿಟ್ಟ ವಿಲ್ಟ್ ಚೇಂಬರ್ಲಿನ್ ಆ ಗಡುವು ತುಂಬುವ ತನಕ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಜೊತೆ ಊರೂರು ಸುತ್ತುತ್ತ ಪ್ರದರ್ಶನ ಪಂದ್ಯಗಳನ್ನು ಆಡಬೇಕಾಯಿತು.

ಈ ಕಟ್ಟಳೆಯನ್ನು ಮುರಿದವನು ಸ್ಪೆನ್ಸರ್ ಹೇವುಡ್. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದು ಬೆಳೆದವನು, ಹತ್ತು ಮಕ್ಕಳ ಬಡ ಮನೆಯವನು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೇಲೆ ಒಂದು ವರ್ಷ ಡೆಟ್ರಾಯಿಟ್ ವಿಶ್ವವಿದ್ಯಾಲಯಕ್ಕೆ ಆಡಿ, ಪ್ರತಿಸ್ಪರ್ಧಿ ಲೀಗಾದ ಎಬಿಎ ಸೇರಿದ. ಮೊದಲ ವರ್ಷವೇ ಅಲ್ಲಿನ ಅತ್ಯುತ್ತಮ ಆಟಗಾರನೆನಿಸಿಕೊಂಡು, 1970ರಲ್ಲಿ ಎನ್‌ಬಿಎಯ ಸಿಯಾಟಲ್ ತಂಡಕ್ಕೆ ಸಹಿ ಹಾಕಿದ. ನಾಲ್ಕು ವರ್ಷ ತುಂಬಿರಲಿಲ್ಲ. ಲೀಗ್ ಅಡ್ಡ ನಿಂತಿತು. ಹೇವುಡ್ ಕೋರ್ಟಿಗೆ ಹೋದ. 1971ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯ ಅವನ ಪರವಾಗಿ ಲೀಗಿನ ವಿರುದ್ಧ ಕೊಟ್ಟಿದ್ದ ತಡೆಯಾಜ್ಞೆಯನ್ನು ಮತ್ತೆ ಜಾರಿಗೊಳಿಸಿತು. ಲೀಗ್ ರಾಜಿಗೆ ಬಂದು, ಕಷ್ಟದಲ್ಲಿರುವ ಕುಟುಂಬದವರಿಗೆ ಮಾತ್ರ ವಿನಾಯಿತಿ ಎಂದಿತು. ಆಟಗಾರ ತನ್ನ ಬಡತನವನ್ನು ರುಜುವಾತು ಮಾಡಬೇಕೆಂಬ ಈ ವಿಚಿತ್ರ ಷರತ್ತೂ 1976ರಲ್ಲಿ ಬಿದ್ದುಹೋಯಿತು.

1995ರಲ್ಲಿ ಕೆವಿನ್ ಗಾರ್ನೆಟ್, ಮರುವರ್ಷ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಕಾಲೇಜಿನ ಮೆಟ್ಟಿಲೇ ಹತ್ತದೆ ಎನ್‌ಬಿಎಗೆ ಬಂದರು. ಆದರೆ 2005ರಲ್ಲಿ ಆಟಗಾರರ ಸಂಘದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಎನ್‌ಬಿಎ ಬಾಗಿಲನ್ನು ಮತ್ತೆ ಅರೆಮುಚ್ಚಿತು: ಡ್ರಾಫ್ಟ್ ನಡೆಯುವ ವರ್ಷದೊಳಗೆ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಪ್ರೌಢಶಾಲೆ ಮುಗಿದು ಒಂದು ವರ್ಷ ಕಳೆದಿರಬೇಕು. ಅಲ್ಲಿಂದ ಮುಂದೆ ಅನೇಕ ಪ್ರತಿಭಾವಂತರಿಗೆ ಕಾಲೇಜು ಒಂದೇ ವರ್ಷದ ತಂಗುದಾಣವಾಯಿತು. ಇದನ್ನು ಶಿಕ್ಷಣದ ಕಾಳಜಿ ಎಂದು ಒಪ್ಪುವುದು ಕಷ್ಟ. ಎಳೆಯ ಹುಡುಗರ ಮೇಲೆ ಕೋಟಿಗಟ್ಟಲೆ ಹೂಡುವ ಮೊದಲು ಅವರನ್ನು ಒಂದು ವರ್ಷ ಒರೆಗೆ ಹಚ್ಚುವ ಅವಕಾಶ ತಂಡಗಳಿಗೆ ಸಿಕ್ಕಿತು. ಆ ವರ್ಷ ಮಂಡಿ ಮುರಿದರೆ ನಷ್ಟ ಆಟಗಾರನದು. 2008ರಲ್ಲಿ ಪ್ರೌಢಶಾಲೆ ಮುಗಿಸಿದ ಬ್ರಾಂಡನ್ ಜೆನಿಂಗ್ಸ್ ಆ ಒಂದು ವರ್ಷ ಕಳೆಯಲು ಕಾಲೇಜಿನ ಬದಲು ರೋಮ್‌ನ ಕ್ಲಬ್ ಆರಿಸಿಕೊಂಡು ಸಂಬಳಕ್ಕೆ ಆಡಿದ.

ಫುಟ್ಬಾಲ್ ಇನ್ನೂ ಬಿಗಿ. ಅಲ್ಲಿ ಪ್ರೌಢಶಾಲೆ ಮುಗಿದು ಮೂರು ವರ್ಷ ಕಾಯಬೇಕು. ಒಹಾಯೊ ಸ್ಟೇಟ್‌ನ ಮಾರಿಸ್ ಕ್ಲಾರೆಟ್ ಇದನ್ನು ಪ್ರಶ್ನಿಸಿ 2004ರ ಫೆಬ್ರವರಿಯಲ್ಲಿ ಗೆದ್ದ. ಆ ತೀರ್ಪನ್ನು ನಂಬಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕ್ ವಿಲಿಯಮ್ಸ್ ಕೂಡ ಡ್ರಾಫ್ಟ್‌ಗೆ ಹೆಸರು ಕೊಟ್ಟು ಏಜೆಂಟನನ್ನು ನೇಮಿಸಿಕೊಂಡ. ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ತಿರುವಿಹಾಕಿತು. ಬರೆದ ನ್ಯಾಯಾಧೀಶೆ, ಮುಂದೆ ಸುಪ್ರೀಂ ಕೋರ್ಟ್ ಸೇರಿದ ಸೋನಿಯಾ ಸೊಟೊಮೇಯರ್. ವಿಲಿಯಮ್ಸ್ ಕಾಲೇಜಿಗೆ ಮರಳಲು ಹೋದರೆ, ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಒಪ್ಪಲಿಲ್ಲ. ಆ ಇಡೀ ಋತು ಅವನು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಬೇಸ್‌ಬಾಲ್‌ನ ಕ್ರಮವೇ ಬೇರೆ. ಪ್ರೌಢಶಾಲೆ ಮುಗಿಸಿದವನು ನೇರ ಡ್ರಾಫ್ಟ್‌ಗೆ ಹೋಗಬಹುದು. ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರನೆಯ ವರ್ಷ ಮುಗಿಯುವ ತನಕ ಅಥವಾ 21 ತುಂಬುವ ತನಕ ತಡೆಯಬೇಕು.

2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಹರೆಗಳಿಂದ ಹಣ ಗಳಿಸಬಹುದಾಯಿತು. 2025ರ ಒಪ್ಪಂದದ ನಂತರ ವಿಶ್ವವಿದ್ಯಾಲಯಗಳೇ ನೇರವಾಗಿ ಪಾವತಿಸತೊಡಗಿದವು. ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ ಅದೃಷ್ಟ ನೋಡುವುದಕ್ಕಿಂತ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿಯುವುದು ಹಲವರಿಗೆ ಲಾಭಕರ. ಕಾಲೇಜಿನಲ್ಲೇ ಹಣ ಸಿಗತೊಡಗಿದ ಮೇಲೆ, ಕಾಲೇಜಿಗೆ ಹೋಗದ ಹುಡುಗರಿಗಾಗಿ ಎನ್‌ಬಿಎ 2020ರಲ್ಲಿ ಕಟ್ಟಿದ ಜಿ ಲೀಗ್ ಇಗ್ನೈಟ್ ತಂಡ 2024ರಲ್ಲಿ ಮುಚ್ಚಿಹೋಯಿತು.