ಹೃದಯ ರಕ್ತನಾಳದ ಸೆಳೆತ ಮತ್ತು ಇ.ಸಿ.ಜಿ.: ಸಾರ್ವಜನಿಕರಿಗೆ ಮಾಹಿತಿ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ನಾಗರಿಕರ ತಿಳುವಳಿಕೆಗಾಗಿ)

ವಿವರಣೆ: ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳವು ಹಠಾತ್ತನೆ ಬಿಗಿದುಕೊಂಡು ರಕ್ತದ ಹರಿವು ತಾತ್ಕಾಲಿಕವಾಗಿ ಕುಂಠಿತವಾಗುವುದನ್ನು ಸೆಳೆತ ಎನ್ನಲಾಗುತ್ತದೆ. ಇದರಿಂದ ಬರುವ ಎದೆನೋವನ್ನು ಅಮೆರಿಕದ ವೈದ್ಯ ಪ್ರಿನ್ಜ್‌ಮೆಟಲ್ ಮತ್ತು ಸಂಗಡಿಗರು 1959ರಲ್ಲಿ ವಿವರಿಸಿದರು. ನೋವು ಸಾಮಾನ್ಯವಾಗಿ ವಿಶ್ರಾಂತಿಯಲ್ಲಿರುವಾಗ, ವಿಶೇಷವಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಕಾಣಿಸುತ್ತದೆ. ಧೂಮಪಾನಿಗಳಲ್ಲಿ ಇದರ ಸಂಭವ ಹೆಚ್ಚು.

ಇ.ಸಿ.ಜಿ.ಯಲ್ಲಿ ಬದಲಾವಣೆ: ನಾಳವು ಪೂರ್ಣವಾಗಿ ಬಿಗಿದಾಗ ಇ.ಸಿ.ಜಿ.ಯ ಎಸ್‌ಟಿ ಭಾಗವು ಹೃದಯಾಘಾತದಲ್ಲಿರುವಂತೆಯೇ ಮೇಲೇರುತ್ತದೆ. ಸೆಳೆತ ಸಡಿಲಗೊಂಡ ನಂತರ ಅದು ಮೊದಲಿನಂತಾಗಬಹುದು. ಆದುದರಿಂದ ನೋವು ನಿಂತ ಮೇಲೆ ತೆಗೆದ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಸೆಳೆತವು ದೀರ್ಘವಾದಲ್ಲಿ ಹೃದಯಾಘಾತ ಅಥವಾ ಹೃದಯ ಬಡಿತದಲ್ಲಿ ಅಪಾಯಕಾರಿ ಏರುಪೇರು ಸಂಭವಿಸಬಹುದು.

ಸಾರ್ವಜನಿಕರು ಪಾಲಿಸಬೇಕಾದ ಕ್ರಮಗಳು:
1. ನೋವು ಇರುವಾಗಲೇ 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳಿ ಇ.ಸಿ.ಜಿ. ಮಾಡಿಸಿಕೊಳ್ಳುವುದು.
2. ನೋವು ಆರಂಭವಾದ ಹಾಗೂ ನಿಂತ ವೇಳೆಯನ್ನು ವೈದ್ಯರಿಗೆ ತಿಳಿಸುವುದು.
3. ಇ.ಸಿ.ಜಿ. ಪ್ರತಿಯನ್ನು ಕಾಯ್ದಿರಿಸಿಕೊಂಡು, ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳುಹಿಸಿದಲ್ಲಿ ಹಾಜರುಪಡಿಸುವುದು.
4. ಪಡಿತರ ಚೀಟಿ, ಆಧಾರ್ ಜೊತೆಯಲ್ಲಿರಲಿ. ಆದರೆ ದಾಖಲೆಗಳನ್ನು ಹುಡುಕುತ್ತ ಕಾಲಹರಣ ಮಾಡಬಾರದು.