ಪರಸ್ಪರ ಕ್ರಿಯೆ (ಕನ್ನಡ ವ್ಯಾಕರಣ)

ಇಬ್ಬರು ಅಥವಾ ಹೆಚ್ಚು ಮಂದಿ ಒಂದೇ ಕ್ರಿಯೆಯನ್ನು ಒಬ್ಬರ ಮೇಲೊಬ್ಬರು ನಡೆಸುವುದನ್ನು ವ್ಯಾಕರಣದಲ್ಲಿ ಪರಸ್ಪರ ಕ್ರಿಯೆ ಎನ್ನುತ್ತಾರೆ. ಇಲ್ಲಿ ಕರ್ತೃಗಳೇ ಕರ್ಮಗಳೂ ಆಗಿರುತ್ತಾರೆ. ಸ್ಪ್ಯಾನಿಷ್ ಭಾಷೆಯು ಇದನ್ನು 'ನೋಸ್', 'ಓಸ್', 'ಸೆ' ಎಂಬ ಸರ್ವನಾಮಗಳಿಂದ ಸೂಚಿಸುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಜೋಡಿಪದಗಳೂ 'ಆಡು', 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದಗಳೂ ಹಂಚಿಕೊಂಡಿವೆ.

ಜೋಡಿಪದಗಳು

'ಒಬ್ಬರನ್ನೊಬ್ಬರು', 'ಒಬ್ಬರಿಗೊಬ್ಬರು' ಎಂಬಲ್ಲಿ ವಿಭಕ್ತಿ ಪ್ರತ್ಯಯವು ಮೊದಲ ಪದಕ್ಕೆ ಮಾತ್ರ ಹತ್ತುತ್ತದೆ. ಎರಡನೆಯದು ಪ್ರಥಮಾ ವಿಭಕ್ತಿಯಲ್ಲೇ ಉಳಿಯುತ್ತದೆ. ಇದೇ ಅರ್ಥದ ಸ್ಪ್ಯಾನಿಷ್ ಪದಗುಚ್ಛ 'ಎಲ್ ಉನೊ ಆಲ್ ಒತ್ರೊ' ಎಂಬುದರಲ್ಲಿ ಕರ್ಮಸೂಚಕವು ಎರಡನೆಯ ಪದಕ್ಕೆ ಸೇರುತ್ತದೆ. ಮನುಷ್ಯರಲ್ಲದವಕ್ಕೆ 'ಒಂದನ್ನೊಂದು', 'ಒಂದಕ್ಕೊಂದು' ಎಂಬ ರೂಪಗಳಿವೆ: ದಾವಣಗೆರೆ ಜಿಲ್ಲೆಯ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಸಂಸ್ಕೃತದಿಂದ ಬಂದ 'ಪರಸ್ಪರ', 'ಅನ್ಯೋನ್ಯ' ಪದಗಳೂ ಹೀಗೆಯೇ ಒಂದೇ ಪದದ ಇಮ್ಮಡಿ ರೂಪಗಳು.

'ಆಡು' ಸೇರಿದ ಕ್ರಿಯಾಪದಗಳು

ಹೊಡೆದಾಡು, ಬಡಿದಾಡು, ಗುದ್ದಾಡು, ಕಚ್ಚಾಡು, ಕಿತ್ತಾಡು ಮುಂತಾದವುಗಳಲ್ಲಿ ಪರಸ್ಪರತೆಯು ಕ್ರಿಯಾಪದದೊಳಗೇ ಅಡಗಿದೆ. ಇವುಗಳಲ್ಲಿ ಹೆಚ್ಚಿನವು ಜಗಳಕ್ಕೇ ಸಂಬಂಧಿಸಿರುವುದು ಗಮನಾರ್ಹ. ಆದರೆ 'ಆಡು' ಬಂದಲ್ಲೆಲ್ಲ ಈ ಅರ್ಥವಿರುವುದಿಲ್ಲ. ಓಡಾಡಲು, ನಲಿದಾಡಲು ಒಬ್ಬರೇ ಸಾಕು. 'ಹೊನ್ನಾಳಿ ಹೊಡ್ತ' ಎಂಬ ಪ್ರಸಿದ್ಧ ನುಡಿಗಟ್ಟಿನಲ್ಲಿರುವುದು ಏಕಮುಖವಾದ ಹೊಡೆತ, ಅದು ಹೊಡೆದಾಟವಲ್ಲ.

ಸಂದಿಗ್ಧತೆ

'ಕೊಳ್ಳು' ಮುಖ್ಯವಾಗಿ ಆತ್ಮಾರ್ಥಕ. ಆದ್ದರಿಂದ 'ಅವರು ಹೊಡೆದುಕೊಂಡರು' ಎಂದಾಗ ತಮ್ಮನ್ನು ತಾವೇ ಹೊಡೆದುಕೊಂಡರೋ, ಒಬ್ಬರನ್ನೊಬ್ಬರು ಹೊಡೆದರೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಸ್ಪ್ಯಾನಿಷಿನ 'ಸೆ ಮಿರಾನ್' ಎಂಬುದಕ್ಕೂ ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ನೋಡುತ್ತಾರೆ ಎಂಬ ಎರಡೂ ಅರ್ಥಗಳಿವೆ. ಕನ್ನಡದ 'ನೋಡಿಕೊಂಡರು' ಎಂಬುದಕ್ಕೆ 'ಆರೈಕೆ ಮಾಡಿದರು' ಎಂಬ ಮೂರನೆಯ ಅರ್ಥವೂ ಉಂಟು.

ಈ ಭೇದವು ಪೊಲೀಸ್ ದೂರುಗಳಲ್ಲಿ ಮಹತ್ವ ಪಡೆಯುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿ ಹೊಡೆದಾಡಿ ಶಾಂತಿಗೆ ಭಂಗ ತರುವುದು ಭಾರತೀಯ ನ್ಯಾಯ ಸಂಹಿತೆಯ 194ನೆಯ ಕಲಮಿನ ಪ್ರಕಾರ (ಹಿಂದೆ ಭಾರತೀಯ ದಂಡ ಸಂಹಿತೆಯ 159 ಮತ್ತು 160ನೆಯ ಕಲಮುಗಳು) ಅಪರಾಧ. 'ಅವನು ನನ್ನನ್ನು ಹೊಡೆದನು' ಎಂಬ ಹೇಳಿಕೆಯಲ್ಲಿ ಆರೋಪಿ ಒಬ್ಬನೇ. ಅದೇ ಘಟನೆಯನ್ನು 'ನಾವು ಹೊಡೆದಾಡಿಕೊಂಡೆವು' ಎಂದು ಬರೆದರೆ ಪೆಟ್ಟು ತಿಂದ ದೂರುದಾರನೂ ಕರ್ತೃಗಳಲ್ಲಿ ಸೇರುತ್ತಾನೆ.