ಧಮನೀರೋಗದಲ್ಲಿ ಫೇನಕೋಶಗಳ ವಿಚಾರ

ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳು ಕಿರಿದಾಗುವುದಕ್ಕೆ, ಕಾಲುವೆಯಲ್ಲಿ ಹೂಳು ತುಂಬುವಂತೆ ರಕ್ತದ ಕೊಬ್ಬು ಒಳಮೈಗೆ ಅಂಟಿಕೊಳ್ಳುವುದೇ ಕಾರಣವೆಂಬ ಮಾತು ಲೋಕರೂಢವಾಗಿದೆ. ಈ ಉಪಮೆ ಸುಲಭವಾದುದು, ಆದರೆ ಸಾಧುವಲ್ಲ. ಕೊಬ್ಬು ಸೇರುವುದು ಧಮನಿಯ ಗೋಡೆಯೊಳಗೆ. ರೋಗದ ಆದ್ಯವಸ್ಥೆಯಲ್ಲಂತೂ ಅದರ ಬಹುಭಾಗವು ಬಿಳಿಯ ರಕ್ತಕಣಗಳಿಂದ ಹುಟ್ಟಿದ ಭಕ್ಷಕಕೋಶಗಳ ಒಡಲಲ್ಲಿರುತ್ತದೆ. ಕೊಬ್ಬಿನ ಹನಿಗಳು ತುಂಬಿ ನೊರೆಯಂತೆ ತೋರುವುದರಿಂದ ಇವಕ್ಕೆ ಫೇನಕೋಶಗಳೆಂಬ ಹೆಸರು ಸಲ್ಲುತ್ತದೆ.

1908ರಲ್ಲಿ ರಷ್ಯಾದ ಇಗ್ನಾಟೊವ್‌ಸ್ಕಿ ಎಂಬವರು ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆಗಳನ್ನು ತಿನ್ನಿಸಿ ಧಮನೀರೋಗವನ್ನುಂಟುಮಾಡಿದರು. ಆದರೆ ದೋಷವನ್ನು ಪ್ರೋಟೀನಿನ ಮೇಲೆ ಹೊರಿಸಿದರು. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅನಿಚ್‌ಕೋವ್, ಖಲಾಟೊವ್ ಎಂಬಿಬ್ಬರು ಶುದ್ಧ ಕೊಲೆಸ್ಟೆರಾಲನ್ನು ಸೂರ್ಯಕಾಂತಿಯ ಎಣ್ಣೆಯಲ್ಲಿ ಕರಗಿಸಿ ಉಣಿಸಿದರು. ಆ ಮೊಲಗಳಿಗೆ ರೋಗ ಬಂದಿತು. ಬರಿಯ ಎಣ್ಣೆಯನ್ನುಂಡವಕ್ಕೆ ಬರಲಿಲ್ಲ. ಅನ್ವಯವೂ ವ್ಯತಿರೇಕವೂ ಕೂಡಿದ ಈ ಪ್ರಮಾಣಕ್ಕಿಂತ ಹೆಚ್ಚಿನದನ್ನು ತಾರ್ಕಿಕನು ಬಯಸಿಯಾನೆ? ಕೊಬ್ಬನ್ನು ಹೊತ್ತ ಭಕ್ಷಕಕೋಶಗಳನ್ನೂ ಅನಿಚ್‌ಕೋವರು ಗುರುತಿಸಿದ್ದರು. ಆದರೂ ಇಲಿ, ನಾಯಿಗಳಲ್ಲಿ ಈ ಪ್ರಯೋಗ ಫಲಿಸಲಿಲ್ಲವೆಂದು, ಮೊಲವು ತೃಣಾಹಾರಿಯೆಂದು ಅನೇಕರು ಇದನ್ನು ಕಡೆಗಣಿಸಿದರು. ಇಲಿ, ನಾಯಿಗಳು ಕೊಲೆಸ್ಟೆರಾಲನ್ನು ಪಿತ್ತಾಮ್ಲವನ್ನಾಗಿ ಬೇಗನೆ ಮಾರ್ಪಡಿಸುವುದರಿಂದ ಅವುಗಳ ರಕ್ತದಲ್ಲಿ ಅದು ಏರುವುದಿಲ್ಲವೆಂಬುದು ಆಮೇಲೆ ತಿಳಿಯಿತು. ಹೇತುವೇ ಇಲ್ಲದೆಡೆ ಕಾರ್ಯವನ್ನು ಹುಡುಕಿದ್ದೇ ಆಕ್ಷೇಪಕರ ತಪ್ಪು.

ಕೊಲೆಸ್ಟೆರಾಲು ರಕ್ತದಲ್ಲಿ ಲೈಪೊಪ್ರೋಟೀನೆಂಬ ಕಣಗಳೊಳಗೆ ಸಂಚರಿಸುತ್ತದೆ. ಅವುಗಳಲ್ಲಿ ಕಡಮೆ ಸಾಂದ್ರತೆಯದನ್ನು ಜೀವಕೋಶಗಳು ಒಂದು ವಿಶಿಷ್ಟ ಗ್ರಾಹಕದ ಮೂಲಕ ಒಳಗೊಳ್ಳುತ್ತವೆಂದು 1970ರ ದಶಕದಲ್ಲಿ ಅಮೆರಿಕದ ಡಲ್ಲಾಸಿನ ಬ್ರೌನ್, ಗೋಲ್ಡ್‌ಸ್ಟೈನ್ ಎಂಬವರು ತೋರಿಸಿದರು. ಆಗ ಹೊಸ ಸಂಶಯವೊಂದು ತಲೆದೋರಿತು: ಹುಟ್ಟಿನಿಂದಲೇ ಈ ಗ್ರಾಹಕವಿಲ್ಲದ ಮಕ್ಕಳಲ್ಲಿಯೂ ಫೇನಕೋಶಗಳು ವಿಪುಲವಾಗಿವೆ, ಬಾಗಿಲಿಲ್ಲದ ಮನೆಯನ್ನು ಕೊಬ್ಬು ಹೊಕ್ಕುದು ಹೇಗೆ? 1979ರಲ್ಲಿ ಅವರೇ ಸಮಾಧಾನವಿತ್ತರು. ಸ್ವಾಭಾವಿಕ ಲೈಪೊಪ್ರೋಟೀನನ್ನು ಭಕ್ಷಕಕೋಶಗಳು ಅಷ್ಟಾಗಿ ಮುಟ್ಟಲಿಲ್ಲ; ರಾಸಾಯನಿಕವಾಗಿ ಅದನ್ನು ವಿಕಾರಗೊಳಿಸಿದೊಡನೆ ಬೇರೊಂದು ದ್ವಾರದಿಂದ ನುಂಗತೊಡಗಿದವು. ಮೊದಲನೆಯ ಗ್ರಾಹಕವು ಕೋಶ ತೃಪ್ತವಾದಂತೆ ಕುಗ್ಗುತ್ತದೆ. ಈ ಎರಡನೆಯದಕ್ಕೆ ಅಂಥ ತಡೆಯಿಲ್ಲ. ಧಮನಿಯ ಒಳಪೊರೆಯ ಕೋಶಗಳೇ ಇಂಥ ವಿಕಾರವನ್ನುಂಟುಮಾಡಬಲ್ಲವೆಂದು 1981ರಲ್ಲಿ ಸ್ಟೈನ್‌ಬರ್ಗರ ಬಳಗದವರು ತೋರಿಸಿದರು.

ಹೀಗೆ ನುಂಗಿ ನುಂಗಿ ಫೇನಕೋಶಗಳು ಸಾಯುತ್ತವೆ. ಅವುಗಳ ಕೊಬ್ಬು ಗೋಡೆಯೊಳಗೆ ಮೆತ್ತನೆಯ ತಿರುಳಾಗಿ ಉಳಿಯುತ್ತದೆ. ಅದರ ಮೇಲಣ ತೆಳುಹೊದಿಕೆ ಬಿರಿದಾಗ ಅಲ್ಲಿ ರಕ್ತವು ಹೆಪ್ಪುಗಟ್ಟಿ, ಧಮನಿ ಮುಚ್ಚಿ, ಹೃದಯಾಘಾತವುಂಟಾಗುತ್ತದೆ.